ಬೆನ್ನಿಗೆ ಬೆಳಗಿನ ಸೂರ್ಯ

ಫೋನಿನ ಆಚೆ ತುದಿಯ ಹೆಂಗಸಿನ ಧ್ವನಿಯಲ್ಲಿ ಅವಸರವೇ ಇರಲಿಲ್ಲ. ಸಾತ್ವಿಕಾಳನ್ನು ಹೆದರಿಸಿದ್ದು ಅದೇ.

"ನೀವು ಚಿನ್ನಯ್ಯನವರ ಮಗಳಲ್ಲವೇ? ನನ್ನ ಹೆಸರು ಹೆಲೆನ್. ಹಡ್ಸನ್ ನದಿಯ ಕಣಿವೆಯಲ್ಲಿ ಅರಣ್ಯ ರೇಂಜರ್. ನಿಮ್ಮ ತಂದೆ ಇವತ್ತು ಬೆಳಿಗ್ಗೆ ಬೆಟ್ಟ ಹತ್ತಿದವರು ಇನ್ನೂ ಇಳಿದು ಬಂದಿಲ್ಲ. ಇಲ್ಲಿ ಕತ್ತಲಾಗಿ ಬಹಳ ಹೊತ್ತಾಯಿತು. ಹುಡುಕುತ್ತಿದ್ದೇವೆ. ನನಗೆ ನಿಮ್ಮಿಂದ ಒಂದು ವಿಷಯ ತಿಳಿಯಬೇಕು. ಅವರು ಎಂಥ ಮನುಷ್ಯ?"

ಇತ್ತ ತೋಡಾರಿನ ಅವಳ ಮನೆಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಸಾತ್ವಿಕಾ ಕೈಯಲ್ಲಿದ್ದ ಹಾಲಿನ ಪೊಟ್ಟಣವನ್ನು ಜಗಲಿಯ ಮೇಲಿಟ್ಟಳು.

"ಎಂಥ ಮನುಷ್ಯ ಎಂದರೆ?" ಮೂಡುಬಿದಿರೆಯ ಕಾಲೇಜಿನಲ್ಲಿ ದಿನವಿಡೀ ಪಾಠ ಹೇಳುವ ಅವಳ ಇಂಗ್ಲಿಷು ಆ ಹೊತ್ತಿನಲ್ಲಿ ಮುಗ್ಗರಿಸಿತು.

"ದಾರಿ ತಪ್ಪಿದರೆ ಒಂದೆಡೆ ಕೂತು ಕೂಗುವವರೇ, ಅಥವಾ ನಡೆಯುವವರೇ?"

"ನಡೆಯುವವರು. ಅಪ್ಪ ಎಲ್ಲಿಯೂ ಕೂತವರಲ್ಲ."

"ಹಾಗೆಯೇ ಅಂದುಕೊಂಡಿದ್ದೆ," ಎಂದಳು ಹೆಲೆನ್. ಆಮೇಲೆ, "ಅವರ ಸಕ್ಕರೆ ಕಾಯಿಲೆಯ ಮಾತ್ರೆಗಳು ಕೋಣೆಯಲ್ಲೇ ಉಳಿದಿವೆ. ನಾಳೆ ಬೆಳಗಾಗುವಷ್ಟರಲ್ಲಿ ಇಲ್ಲಿ ಬಕೆಟಿನ ನೀರಿನ ಮೇಲೆ ಮಂಜುಗಡ್ಡೆಯ ಪದರ ಕಟ್ಟುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ," ಎಂದಳು.

ಸಾತ್ವಿಕಾ ತವರಿಗೆ ಹೊರಟು ಸ್ಕೂಟರು ಹತ್ತಿದಾಗ ಕಾಲಿಗೆ ಹಾಕಿದ ಚಪ್ಪಲಿ ಗಂಡನದು ಎಂಬುದು ಕೈಕಂಬ ದಾಟಿದ ಮೇಲೆ ತಿಳಿಯಿತು.

ಅಪ್ಪ ಅಮೆರಿಕಕ್ಕೆ ಹೋದದ್ದು ನೀರುದೋಸೆಯ ದೆಸೆಯಿಂದ. ಫರಂಗಿಪೇಟೆಯ ಹೆದ್ದಾರಿಯ ಪಕ್ಕದಲ್ಲಿ, ನೇತ್ರಾವತಿಗೆ ಬೆನ್ನು ಮಾಡಿ ನಿಂತ ಅವರ ಪುಟ್ಟ ಹೋಟೆಲಿಗೆ ಒಮ್ಮೆ ಧರ್ಮಸ್ಥಳದ ಕಡೆ ಹೊರಟಿದ್ದ ಅಮೆರಿಕದ ದಂಪತಿಗಳು ಇಳಿದಿದ್ದರು. ಹಡ್ಸನ್ ನದಿಯ ಕಣಿವೆಯಲ್ಲಿ ಅವರದೊಂದು ಯೋಗ ಶಿಬಿರವಿತ್ತು. ಚಿನ್ನಯ್ಯನ ಕಾವಲಿಯಿಂದ ಎದ್ದ ಬಿಳಿಯ ದೋಸೆಯನ್ನು ಬೆಳಕಿಗೆ ಹಿಡಿದು ನೋಡಿದ ಆ ಹೆಂಗಸು, ಶರತ್ಕಾಲದ ಒಂದು ಋತುವಿಗೆ ನಮ್ಮ ಅಡುಗೆಮನೆಗೆ ಬನ್ನಿ ಎಂದು ಕರೆದಳು. ತಮಾಷೆಯೆಂದೇ ಎಲ್ಲರೂ ನಕ್ಕಿದ್ದರು. ವೀಸಾ ಬಂದ ದಿನ ಯಾರೂ ನಗಲಿಲ್ಲ.

ಹೋದ ಮೇಲೆ ಚಿನ್ನಯ್ಯ ದಿನವೂ ಹೆಂಡತಿ ಕಾಂತಿಗೆ ಧ್ವನಿ ಸಂದೇಶ ಕಳಿಸುತ್ತಿದ್ದ. ಊರಿನಲ್ಲಿ ಮಾತು ಕಡಿಮೆಯಿದ್ದ ಮನುಷ್ಯ ಅಲ್ಲಿ ಕಂಡದ್ದನ್ನೆಲ್ಲ ಬಾಯಿ ತೆರೆದು ಹೇಳತೊಡಗಿದ್ದ. "ಕಾಂತೀ, ಇಲ್ಲಿಯ ನದಿ ಎಂಥದ್ದು ಗೊತ್ತುಂಟಾ? ಸಮುದ್ರದ ಭರತದ ನೀರು ಇದರೊಳಗೆ ಏರಿಕೊಂಡು ಬರ್ತದೆ. ಎಷ್ಟು ದೂರ ಅಂತೀ? ನಮ್ಮ ನೇತ್ರಾವತಿಯನ್ನು ಎರಡು ಸಲ ಉದ್ದಕ್ಕೆ ಮಲಗಿಸಿದ್ರೂ ಸಾಲ್ಲಿಕ್ಕಿಲ್ಲ. ಬೆಳಿಗ್ಗೆ ಕೆಳಗೆ ಹರೀತದೆ, ಮಧ್ಯಾಹ್ನ ಮೇಲೆ ಹರೀತದೆ. ಮೊದಲು ಇಲ್ಲಿದ್ದ ಜನ ಇದಕ್ಕೆ ಎರಡೂ ಕಡೆ ಹರಿಯುವ ನೀರು ಅಂತ ಹೆಸರಿಟ್ಟಿದ್ದರಂತೆ." ಇನ್ನೊಂದು ದಿನ ಸೇಬಿನ ತೋಟಗಳ ಸುದ್ದಿ: "ಕೊಯ್ಲಿಗೆ ಜಮೈಕಾ ದ್ವೀಪದವರು ಬರ್ತಾರೆ. ಅವರ ಏಣಿ ನೋಡ್ಬೇಕು ನೀನು, ಮೇಲೆ ಹೋದ ಹಾಗೆ ಚೂಪು. ನನಗೆ ಅವರ ಅನ್ನ ಬೇಳೆ ಕೊಟ್ರು. ತೆಂಗಿನ ಹಾಲು ಹಾಕಿದ್ದು! ಕಣ್ಣಲ್ಲಿ ನೀರು ಬಂತು ಮಾರಾಯ್ತಿ." ಹಾಲೆಂಡಿನಿಂದ ಬಂದವರು ಕಟ್ಟಿದ ಕಲ್ಲಿನ ಮನೆಗಳು, ಶನಿವಾರ ಕಪ್ಪು ಟೊಪ್ಪಿ ಧರಿಸಿ ಮಕ್ಕಳ ಕೈಹಿಡಿದು ನಡೆಯುವ ಯಹೂದಿ ಕುಟುಂಬಗಳು, ಮೆಕ್ಸಿಕೋದವರ ರೊಟ್ಟಿ ಅಂಗಡಿ, ಬೆಂಕಿ ಹತ್ತಿದಂತೆ ಕೆಂಪಾಗಿ ನಿಂತ ಕಾಡು. ಹೋಟೆಲಿಗೆ ಚಹಾಕ್ಕೆ ಬರುವವರೆಲ್ಲ ಆ ಸಂದೇಶಗಳನ್ನು ಕೇಳಿ ಹಡ್ಸನ್ನಿನ ದಡದವರೇ ಆಗಿಬಿಟ್ಟಿದ್ದರು.

ಕೊನೆಯದಾಗಿ ಬಂದದ್ದು ಒಂದು ಚಿತ್ರ. ಬೆಟ್ಟದ ಅಂಚಿನ ಬಂಡೆ, ಅದರಾಚೆಗೆ ಬರೀ ಬಿಳಿ ಮಂಜು. ಕೆಳಗೆ ಚಿನ್ನಯ್ಯ ಬರೆದಿದ್ದ: "ಇದರ ಅಡಿಯಲ್ಲಿ ನದಿ ಉಂಟು. ಮಂಜು ಎದ್ದ ಕೂಡಲೇ ಇಡೀ ಕಣಿವೆಯದ್ದು ತೆಗೆದು ಕಳಿಸ್ತೇನೆ."

ಆ ಇನ್ನೊಂದು ಚಿತ್ರ ಬಂದಿರಲಿಲ್ಲ.

ಸಾತ್ವಿಕಾ ಹೋಟೆಲಿನ ಎದುರು ಸ್ಕೂಟರು ನಿಲ್ಲಿಸಿದಾಗ ಒಳಗೆ ನಾಲ್ಕಾರು ಗಿರಾಕಿಗಳಿದ್ದರು. ಕಾಂತಿ ಕಾವಲಿಯ ಮುಂದೆ ನಿಂತಿದ್ದಳು. ಮಗಳ ಮುಖವನ್ನೂ ಅವಳ ಕಾಲಿನ ಚಪ್ಪಲಿಯನ್ನೂ ಒಂದೇ ನೋಟದಲ್ಲಿ ಕಂಡವಳು, ಕಾವಲಿಯ ಮೇಲಿದ್ದ ದೋಸೆಯನ್ನು ಮಡಚಿ ತಟ್ಟೆಗೆ ಹಾಕಿ, ಗ್ಯಾಸ್ ಆರಿಸಿದಳು.

"ನಿನ್ನ ಅಪ್ಪನಿಗೆ ಎಂತ ಆಯ್ತು?"

ಸಾತ್ವಿಕಾ ಹೇಳಿದಳು. ಗಿರಾಕಿಗಳು ತಿನ್ನುವುದನ್ನು ಬಿಟ್ಟು ಎದ್ದರು. ಪಕ್ಕದ ದಿನಸಿ ಅಂಗಡಿಯ ಅಬ್ದುಲ್ ನಾಸಿರ್, ಯಾರೋ ಸುದ್ದಿ ಮುಟ್ಟಿಸಿದ್ದರಿಂದ, ಅರ್ಧ ತೆರೆದ ಶಟರನ್ನು ಹಾಗೆಯೇ ಬಿಟ್ಟು ಓಡಿಬಂದ. ಚಿನ್ನಯ್ಯನಿಗಿಂತ ತುಸು ಕಿರಿಯ. ಫುಜೈರಾದಲ್ಲಿ ಬಹಳ ವರ್ಷ ಕಳೆದು, ಊರಿಗೆ ಮರಳಿ ಅಂಗಡಿ ಇಟ್ಟವನು. ಅವನ ಹಿಂದೆಯೇ ಹೆಂಡತಿ ಜುಲೈಕಾ ಬಂದು, ಏನೂ ಕೇಳದೆ ಕಾಂತಿಯನ್ನು ಬೆಂಚಿನ ಮೇಲೆ ಕೂರಿಸಿ ಅವಳ ಪಕ್ಕದಲ್ಲಿ ಕೂತಳು.

ಹೆಲೆನ್ ಮತ್ತೆ ಕರೆ ಮಾಡಿದಳು, ಈ ಬಾರಿ ವಿಡಿಯೋದಲ್ಲಿ. ನರೆತ ಕೂದಲನ್ನು ಹಿಂದಕ್ಕೆ ಕಟ್ಟಿದ ಹೆಂಗಸು. ಹಿಂದೆ ಒಂದು ಡೇರೆ, ತಲೆಗೆ ದೀಪ ಕಟ್ಟಿಕೊಂಡು ಅತ್ತಿತ್ತ ಓಡಾಡುವ ಜನ. ಅವಳು ಮೇಜಿನ ಮೇಲೆ ಹರಡಿದ್ದ ನಕಾಶೆಯತ್ತ ಫೋನನ್ನು ತಿರುಗಿಸಿದಳು. ಸಾತ್ವಿಕಾ ಅವಳ ಮಾತನ್ನು ತುಳುವಿಗೆ ತಿರುಗಿಸಿ ಹೇಳುತ್ತ ಹೋದಳು.

"ಇದು ನದಿ. ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಹರಿಯುತ್ತದೆ. ನದಿಯ ಒಂದು ಬದಿಗೆ ಊರುಗಳು, ಸೇಬಿನ ತೋಟಗಳು. ಅವು ಮುಗಿದ ಕೂಡಲೇ ಬೆಟ್ಟ, ಗೋಡೆ ಎತ್ತಿದ ಹಾಗೆ. ಗೋಡೆಯ ಬುಡದಲ್ಲಿ ಶಿಬಿರ. ನಿಮ್ಮ ತಂದೆ ಅಲ್ಲಿಂದ ಕಾಲುದಾರಿಯಲ್ಲಿ ಹತ್ತಿ ಈ ಬಂಡೆಗೆ ಬಂದಿದ್ದಾರೆ. ಬೆಳಿಗ್ಗೆ ಅಲ್ಲಿ ಅವರನ್ನು ಕಂಡ ಒಬ್ಬ ಚಾರಣಿಗ ಸಿಕ್ಕಿದ್ದಾನೆ. ಕೊಡೆ ಹಿಡಿದು ಮಂಜನ್ನೇ ನೋಡುತ್ತ ನಗುತ್ತಿದ್ದರಂತೆ. ಅವನು ಇಳಿದ. ಇವರು ಉಳಿದರು. ಮಂಜು ಬಂಡೆಯ ಮೇಲಕ್ಕೂ ಏರಿತು."

"ಆಮೇಲೆ?"

"ಬೆಟ್ಟದ ತಲೆ ಅಲ್ಲಿ ಚಪ್ಪಟೆ. ದಾರಿ ಮೊದಲು ಬಂಡೆಯಿಂದ ಒಳಕ್ಕೆ ಹೋಗಿ, ಕಾಡಿನಲ್ಲಿ ಕವಲೊಡೆದು, ಅಲ್ಲಿಂದ ತಿರುಗಿ ಶಿಬಿರಕ್ಕೆ ಇಳಿಯುತ್ತದೆ. ಅವರು ಆ ಕವಲನ್ನು ಗಮನಿಸದೆ ಮುಂದೆ ಹೋಗಿರಬೇಕು. ದಾರಿ ತಪ್ಪಿದವರು ಸಾಮಾನ್ಯವಾಗಿ ಇಳಿಜಾರು ಹಿಡಿಯುತ್ತಾರೆ, ನದಿಯತ್ತ, ದೀಪಗಳತ್ತ. ಆದ್ದರಿಂದ ನದಿಯ ಕಡೆಯ ಇಳಿಜಾರನ್ನೇ ಹುಡುಕುತ್ತಿದ್ದೇವೆ."

"ಇಷ್ಟೊಂದು ಜನ ಯಾರು?" ಎಂದು ಕಾಂತಿ ಕೇಳಿದಳು. ತಿಳಿಯಬೇಕೆಂದಲ್ಲ, ಆ ದೀಪಗಳಿಂದ ಅವಳ ಕಣ್ಣು ಕೀಳಲಾಗಲಿಲ್ಲ.

ಹೆಲೆನ್ ಫೋನನ್ನು ಸುತ್ತ ತಿರುಗಿಸಿದಳು. ಸೇಬು ಕೊಯ್ಯುವ ಜಮೈಕಾದವರು ದಿನದ ದುಡಿಮೆ ಮುಗಿಸಿ ಹಾಗೆಯೇ ಬಂದಿದ್ದರು. ಚಿನ್ನಯ್ಯನಿಗೆ ಊಟ ಕೊಟ್ಟವರು. ಗಡ್ಡದ ಯಹೂದಿ ಯುವಕರು ಸ್ವಯಂಸೇವಕರ ತಂಡ ಕಟ್ಟಿಕೊಂಡು ಹಗ್ಗ, ಸ್ಟ್ರೆಚರು ಸಮೇತ ಇಳಿದಿದ್ದರು. ರೊಟ್ಟಿ ಅಂಗಡಿಯ ಮೆಕ್ಸಿಕೋದ ಹೆಂಗಸು ದೊಡ್ಡ ಪಾತ್ರೆಯಲ್ಲಿ ಸೂಪು ತಂದಿದ್ದಳು. ಹಾಲೆಂಡಿನ ವಂಶದ ಮುದುಕನೊಬ್ಬ, ಈ ಬೆಟ್ಟದ ಬೇಟೆಯ ದಾರಿಗಳೆಲ್ಲ ತನಗೆ ಗೊತ್ತೆಂದು, ಊರುಗೋಲಿನೊಂದಿಗೆ ಡೇರೆಯಲ್ಲಿ ಕೂತಿದ್ದ. ಅವರಲ್ಲಿ ಅರ್ಧ ಜನಕ್ಕೆ ಉಳಿದರ್ಧದವರ ಭಾಷೆ ತಿಳಿಯದು.

"ನೆರೆ ಬಂದಾಗ ಇಲ್ಲಿ ಹೀಗೇ ಅಲ್ವಾ," ಎಂದಳು ಜುಲೈಕಾ ಮೆಲ್ಲಗೆ.

ಕರೆ ಮುಗಿಯಿತು. ಇನ್ನು ಕಾಯುವುದಷ್ಟೇ ಉಳಿದಿತ್ತು. ಘಟ್ಟದ ಕಡೆಯಿಂದ ಎದ್ದ ಸೂರ್ಯ ಹೆದ್ದಾರಿಯ ಲಾರಿಗಳ ಮೇಲೆ ಬಿದ್ದು ಹೋಟೆಲಿನ ಒಳಕ್ಕೆ ಬಂದ. ಬಿಸಿಲು ಕಾಂತಿಯ ಕಣ್ಣಿಗೆ ಹೊಡೆಯಿತು.

"ಸ್ವಲ್ಪ ಪಡುವಕ್ಕೆ ಜರುಗು ಕಾಂತಿ," ಎಂದಳು ಜುಲೈಕಾ. ಇಬ್ಬರೂ ಬೆಂಚಿನ ಮೇಲೆ ಪಶ್ಚಿಮಕ್ಕೆ ಜರುಗಿದರು.

ಕಾಂತಿಗೆ ಇದ್ದಕ್ಕಿದ್ದಂತೆ ಅಳು ಬಂತು. "ಅವರು ಯಾವ ದಿಕ್ಕಿನಲ್ಲಿದ್ದಾರೆ ಅಂತಲೂ ನನಗೆ ಗೊತ್ತಿಲ್ಲವಲ್ಲ ಜುಲೈಕಾ ಬ್ಯಾರ್ದಿ. ದೇವರಿಗೆ ಕೈ ಮುಗಿಯುವುದಾದ್ರೂ ಯಾವ ಕಡೆ ತಿರುಗಿ ಮುಗಿಯುವುದು?"

ನಾಸಿರನಿಗೆ ಅಳುವವರ ಎದುರು ಸುಮ್ಮನಿರಲು ಬಾರದು. "ಕಾಂತಿಯಕ್ಕ, ದಿಕ್ಕಿನ ವಿಷಯ ನನ್ನ ಹತ್ರ ಹೇಳ್ಬೇಡಿ. ನಾನು ದೊಡ್ಡ ಮಂಗ ಆದವ. ಫುಜೈರಾಕ್ಕೆ ಹೋದ ಮರುದಿನ, ರೂಮಿನಲ್ಲಿ ಮಲಯಾಳಿಗಳು ಇನ್ನೂ ಮಲಗಿದ್ರು. ನಾನು ಎದ್ದು ಕೈಕಾಲು ಮುಖ ತೊಳೆದು ವುಝೂ ಮಾಡಿ, ಕಿಟಕಿಯಲ್ಲಿ ಸಮುದ್ರ ಕಂಡಿತಲ್ಲ, ಆ ಕಡೆಗೆ ಚಾಪೆ ಹಾಕಿ ನಮಾಝಿಗೆ ನಿಂತೆ. ಹುಟ್ಟಿದಾಗಿಂದ ನಾವು ಸಮುದ್ರದ ಕಡೆಗೇ ಅಲ್ವಾ ನಿಲ್ಲುವುದು? ಹಿಂದಿನಿಂದ ಒಬ್ಬ ಎದ್ದು, ಎಂತ ಮಾರಾಯ, ನಿನ್ನ ಊರಿನಲ್ಲಿ ಮಕ್ಕವನ್ನು ಸಮುದ್ರಕ್ಕೆ ಹಾಕಿದ್ದಾರಾ, ಅಂತ ಕೇಳಿದ. ಅಲ್ಲಿ ಸಮುದ್ರ ಮೂಡುದಿಕ್ಕಿಗೆ ಉಂಟು! ಬೆಟ್ಟ ಪಡುವಕ್ಕೆ! ಎಲ್ಲ ಉಲ್ಟಾ. ಒಂದು ವರ್ಷ ನಾನು ಎಡಕ್ಕೆ ಹೋಗ್ಬೇಕಾದಲ್ಲಿ ಬಲಕ್ಕೆ ಹೋಗಿದ್ದೇನೆ."

"ಈಗಲೂ ಹಾಗೇ," ಎಂದಳು ಜುಲೈಕಾ.

ಕಾಂತಿಯ ತುಟಿಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಆದರೆ ಸಾತ್ವಿಕಾ ನಗಲಿಲ್ಲ. ಅವಳು ನಾಸಿರನನ್ನೇ ದಿಟ್ಟಿಸುತ್ತಿದ್ದಳು.

"ಕಾಕ, ಇನ್ನೊಮ್ಮೆ ಹೇಳಿ. ಬೆಟ್ಟ ಎಲ್ಲಿತ್ತು?"

"ಪಡುವಕ್ಕೆ."

ಅವಳು ಹೆಲೆನ್ ಕಳಿಸಿದ್ದ ನಕಾಶೆಯ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿದಳು. ಹಡ್ಸನ್ ನದಿ. ಅದರ ಪಶ್ಚಿಮಕ್ಕೆ ಊರುಗಳು. ಊರುಗಳ ಪಶ್ಚಿಮಕ್ಕೆ ಬೆಟ್ಟದ ಗೋಡೆ. ಹೆಲೆನ್ 'ಒಂದು ಬದಿಗೆ' ಎಂದು ಹೇಳಿ ಮುಂದೆ ಸರಿದಿದ್ದಳು. ಇವಳೂ ಹಾಗೆಯೇ ಅನುವಾದಿಸಿದ್ದಳು.

"ಅಮ್ಮಾ, ಅಪ್ಪ ನೆರಿಯದ ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡುತ್ತಿದ್ದರು?"

ಕಾಂತಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. ಚಿನ್ನಯ್ಯ ಬೆಳೆದದ್ದು ಘಟ್ಟದ ಬುಡದ ನೆರಿಯದಲ್ಲಿ. ಮದುವೆಯಾದ ಹೊಸತರಲ್ಲಿ ಅವಳನ್ನು ಅಣಬೆ ಕೀಳಲು ಕಾಡಿಗೆ ಕರೆದೊಯ್ದಿದ್ದ. "ಬೆಳಿಗ್ಗೆ ಆದ್ರೆ ಹೊತ್ತಿಗೆ, ಸೂರ್ಯನಿಗೆ, ಬೆನ್ನು ಹಾಕು, ಮಧ್ಯಾಹ್ನದ ಮೇಲೆ ಆದ್ರೆ ಹೊತ್ತಿಗೆ ಮುಖ ಮಾಡು, ನಡೀತಾ ಇರು, ಮನೆ ಸಿಗ್ತದೆ ಅಂತ ಹೇಳಿದ್ರು. ಅದರಲ್ಲಿ ಎಂತ ಉಂಟು? ಇಲ್ಲಿ ಎಲ್ಲರೂ ಹಾಗೆಯೇ ಅಲ್ವಾ?"

ಸಾತ್ವಿಕಾ ನಕಾಶೆಯಿಂದ ಕಣ್ಣೆತ್ತಿದಳು.

ಎಲ್ಲರೂ ಹಾಗೆಯೇ. ನೇತ್ರಾವತಿಯ ಕಣಿವೆಯಲ್ಲಿ ಹುಟ್ಟಿದ ಪ್ರತಿಯೊಬ್ಬರೂ. ಘಟ್ಟ ಮೂಡಕ್ಕೆ, ಕಡಲು ಪಡುವಕ್ಕೆ, ನಡುವೆ ಎಲ್ಲ ನೀರೂ ಘಟ್ಟದಿಂದ ಕಡಲಿಗೆ. ಬೆಳ್ತಂಗಡಿಯ ತೋಡಿನಿಂದ ಬಂಟ್ವಾಳದ ಕಡವಿನವರೆಗೆ ಈ ನಿಯಮಕ್ಕೆ ಅಪವಾದವಿಲ್ಲ. ಅದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಕಾಲುಗಳಿಗೆ ಅದು ಗೊತ್ತಿತ್ತು. ಕಣಿವೆಯೊಂದು ಮನುಷ್ಯನ ಒಳಗೆ ಹೀಗೆ ಸದ್ದಿಲ್ಲದೆ ಹರಿದುಕೊಂಡಿರುತ್ತದೆ, ಸಮುದ್ರಗಳನ್ನು ದಾಟಿದರೂ ಅವನೊಂದಿಗೇ ದಾಟುತ್ತದೆ ಎಂಬುದು ಸಾತ್ವಿಕಾಳಿಗೆ ಆ ಕ್ಷಣ ಹೊಳೆಯಿತು.

ಮಂಜಿನಲ್ಲಿ ಸಿಕ್ಕಿದ ಚಿನ್ನಯ್ಯ ಕಾದಿರಬೇಕು. ಮಂಜಿನಾಚೆ ಸೂರ್ಯನ ಬೆಳ್ಳಗಿನ ಬಿಲ್ಲೆ ಕಂಡಿರಬೇಕು. ಅವನು ನಿಶ್ಚಿಂತೆಯಿಂದ, ಮನೆಯ ದಾರಿ ಸಿಕ್ಕಿತೆಂಬ ಸಂತೋಷದಿಂದ, ಅದಕ್ಕೆ ಬೆನ್ನು ಹಾಕಿದ್ದ.

ಅವನು ನದಿಗೆ ಬೆನ್ನು ಹಾಕಿದ್ದ.

ಸಾತ್ವಿಕಾ ಕರೆ ಮಾಡಿ ಹೇಳಿದ್ದನ್ನು ಹೆಲೆನ್ ಪೂರ್ತಿ ಕೇಳಿದಳು. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಡೇರೆಯಲ್ಲಿ ಕೂತಿದ್ದ ಮುದುಕನತ್ತ ತಿರುಗಿ ಏನೋ ಕೇಳಿದಳು. ಅವನು ಎದ್ದು ಬಂದು ನಕಾಶೆಯ ಎಡಬದಿಯಲ್ಲಿ, ಒಂದೇ ಒಂದು ಊರಿನ ಹೆಸರೂ ಇಲ್ಲದ ಹಸಿರಿನ ಮೇಲೆ, ಬೆರಳೆಳೆದ.

"ಬೆಟ್ಟದ ತಲೆ ದಾಟಿದರೆ ಆ ಕಡೆ ಒಂದು ತೊರೆ ಹುಟ್ಟುತ್ತದೆ," ಎಂದಳು ಹೆಲೆನ್. "ಅದು ಪಶ್ಚಿಮಕ್ಕೇ ಇಳಿಯುತ್ತದೆ."

"ಹಾಗಾದರೆ ಅಪ್ಪ ಅದನ್ನೇ ಹಿಡಿದಿರುತ್ತಾರೆ. ನೀರು ಪಶ್ಚಿಮಕ್ಕೆ ಹರಿಯುವುದನ್ನು ಕಂಡ ಮೇಲೆ ಅವರಿಗೆ ಸಂಶಯವೇ ಇರುವುದಿಲ್ಲ."

"ಆ ತೊರೆ ನದಿಯಿಂದ ದೂರಕ್ಕೆ ಹೋಗುತ್ತದೆ, ಸಾತ್ವಿಕಾ. ಆಮೇಲೆ ಉತ್ತರಕ್ಕೆ ತಿರುಗಿ, ಇನ್ನೊಂದು ಕಣಿವೆಯನ್ನೇ ಸುತ್ತಿ, ಬೇರೆ ನದಿಗೆ ಸೇರಿ, ಕೊನೆಗೆ ಎಲ್ಲೋ ಮೇಲೆ ಇದೇ ಹಡ್ಸನ್ನಿಗೆ ಬಂದು ಬೀಳುತ್ತದೆ. ಅಷ್ಟು ನಡೆಯಲು ಯಾರಿಂದಲೂ ಆಗದು."

ಇದನ್ನು ಅನುವಾದಿಸಿದಾಗ ನಾಸಿರ್ ಗೊಣಗಿದ. "ಅಂದ್ರೆ ಚಿನ್ನಯ್ಯಣ್ಣನ ದಾರಿ ತಪ್ಪಲ್ಲ. ಉದ್ದ ಆಯ್ತು ಅಷ್ಟೇ."

ಹೆಲೆನ್ ಈಗ ಧ್ವನಿ ತಗ್ಗಿಸಿದಳು. "ಕೇಳಿ. ಆ ಬದಿಗೆ ಹೋಗಬೇಕಾದರೆ ನನ್ನ ತಂಡಗಳು ಬೆಟ್ಟವನ್ನು ಸುತ್ತಿ ರಸ್ತೆಯಲ್ಲಿ ಹೋಗಬೇಕು, ಅಲ್ಲಿಂದ ಕತ್ತಲಲ್ಲಿ ಕಾಡಿಗೆ ಇಳಿಯಬೇಕು. ಕಳಿಸಿದ ಮೇಲೆ ಬೆಳಗಾಗುವ ಮೊದಲು ಹಿಂದಕ್ಕೆ ಕರೆಸಲು ಆಗುವುದಿಲ್ಲ. ನಿರ್ಧಾರ ನನ್ನದು, ಹೊಣೆಯೂ ನನ್ನದೇ. ಆದರೆ ನಿಮ್ಮ ತಂದೆ ಈ ಇಳಿಜಾರಿನಲ್ಲಿಯೇ ಎಲ್ಲೋ ಬಿದ್ದಿದ್ದರೆ, ಈ ಚಳಿಯಲ್ಲಿ ಅವರ ಹತ್ತಿರ ಯಾರೂ ಇರುವುದಿಲ್ಲ. ಎಷ್ಟು ಖಚಿತವಾಗಿ ಹೇಳುತ್ತಿದ್ದೀರಿ?"

ಕ್ಷಣದ ಹಿಂದೆ ಅಷ್ಟು ಸ್ಪಷ್ಟವಾಗಿದ್ದ ತರ್ಕ ಈಗ ನಾಸಿರನ ಒಂದು ತಮಾಷೆಯ ಕಥೆಯ ಮೇಲೆ ನಿಂತ ಹಾಗೆ ಕಂಡಿತು. ಅಪ್ಪ ಇಳಿಜಾರನ್ನೇ ಹಿಡಿದಿದ್ದರೆ? ಹೌದೆಂದರೂ ಸಾಯಬಹುದು, ಅಲ್ಲವೆಂದರೂ ಸಾಯಬಹುದು. ಸಾತ್ವಿಕಾ ಪ್ರಶ್ನೆಯನ್ನು ಅನುವಾದಿಸದೆ ನಿಂತಳು.

"ಎಂತ ಕೇಳ್ತಾ ಇದ್ದಾಳೆ ಅವಳು?" ಎಂದಳು ಕಾಂತಿ. "ಹೇಳು ಮಗಾ. ನನ್ನ ಗಂಡನ ವಿಷಯ ಅಲ್ವಾ?"

ಸಾತ್ವಿಕಾ ಹೇಳಿದಳು.

ಕಾಂತಿ ಬೆಂಚಿನಿಂದ ಎದ್ದು ಫೋನನ್ನು ತಾನೇ ಕೈಗೆ ತೆಗೆದುಕೊಂಡಳು. ಪರದೆಯಲ್ಲಿ ಕಂಡ ಆ ಬೇರೆ ಹೆಂಗಸಿನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಅರ್ಥವಾಗಲಿ ಬಿಡಲಿ, ತುಳುವಿನಲ್ಲಿಯೇ ಹೇಳಿದಳು: "ಅವರು ಮನೆಗೆ ಹೊರಟಿದ್ದಾರೆ. ಮನೆಗೆ ಹೊರಟವರು ಹೊತ್ತಿಗೆ ಬೆನ್ನು ಹಾಕಿಯೇ ಹೋಗುವುದು. ಆ ಕಡೆಗೆ ಜನ ಕಳಿಸಮ್ಮ."

ಹೆಲೆನ್ ಅನುವಾದಕ್ಕೆ ಕಾಯಲಿಲ್ಲ. ತಲೆಯಾಡಿಸಿ, ಡೇರೆಯತ್ತ ತಿರುಗಿ ಕೂಗಿದಳು. ಪರದೆಯಲ್ಲಿ ದೀಪಗಳು ಒಂದೊಂದಾಗಿ ಕದಲಿ, ಸಾಲುಗಟ್ಟಿ, ಮರಗಳ ನಡುವಿನಿಂದ ರಸ್ತೆಯತ್ತ ಇಳಿಯತೊಡಗಿದವು.

ಮಧ್ಯಾಹ್ನದವರೆಗೆ ಸುದ್ದಿಯಿಲ್ಲ. ಹೋಟೆಲಿನ ಬಾಗಿಲು ಅರ್ಧ ಮುಚ್ಚಿತ್ತು. ಜುಲೈಕಾ ಮನೆಯಿಂದ ತಂದ ಗಂಜಿ ತಟ್ಟೆಯಲ್ಲಿ ಕೆನೆಗಟ್ಟಿತು. ನಾಸಿರ್ ಮಸೀದಿಗೆ ಹೋಗಿ ಬಂದ, ಹೋಗುವಾಗಲೂ ಬರುವಾಗಲೂ ಒಂದೇ ಮಾತು, "ಫೋನ್ ಬಂತಾ?" ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಬಂದ ಫೋನು ಒಳ್ಳೆಯದಲ್ಲ.

"ನದಿಯ ಕಡೆಯ ರಸ್ತೆಯಲ್ಲಿ ಮನೆಯಿರುವ ಒಬ್ಬಾಕೆ ಈಗ ತಾನೇ ನಮಗೆ ತಿಳಿಸಿದ್ದಾಳೆ," ಎಂದಳು ಹೆಲೆನ್. ಅವಳ ಮುಖ ಬಳಲಿತ್ತು. "ನಿನ್ನೆ ಸಂಜೆ ಕಪ್ಪು ಬಣ್ಣದ ಮನುಷ್ಯನೊಬ್ಬ ಒಂಟಿಯಾಗಿ ನಡೆದು ಹೋದದ್ದನ್ನು ಕಂಡಳಂತೆ. ಶಿಬಿರದ ಕೆಳಗೇ. ನಿಮಗೆ ಹೇಳಬೇಕೆನಿಸಿತು."

ಸಾತ್ವಿಕಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ತನ್ನ ಮಾತಿಗೆ ಇಡೀ ಕಣಿವೆ ಎದ್ದು ಬೆಟ್ಟದ ಆಚೆಗೆ ಹೋಗಿದೆ. ಅಪ್ಪ ಈಚೆಗೆ, ಯಾವುದೋ ಚರಂಡಿಯಲ್ಲಿ...

"ಕಪ್ಪು ಮನುಷ್ಯನಾ?" ನಾಸಿರನಿಗೆ ಸಿಟ್ಟೇ ಬಂತು. "ಸೇಬು ಕೊಯ್ಯುವವರೆಲ್ಲ ಮತ್ತೆ ಯಾವ ಬಣ್ಣ? ಕೊಡೆ ಇತ್ತಾ ಅವನ ಕೈಯಲ್ಲಿ, ಕೇಳು! ಚಿನ್ನಯ್ಯಣ್ಣ ಕೊಡೆ ಬಿಟ್ಟು ಪಾಯಿಖಾನೆಗೂ ಹೋದವ ಅಲ್ಲ."

ಸಾತ್ವಿಕಾ ಕೇಳಿದಳು. ಹೆಲೆನ್ ಇನ್ನೊಂದು ಫೋನಿನಲ್ಲಿ ವಿಚಾರಿಸಿ ಬಂದಳು. ಕೊಡೆ ಇರಲಿಲ್ಲ. ಕೈಯಲ್ಲೊಂದು ಚೀಲವಿತ್ತು.

"ಹಾಗಾದರೆ ಅದು ಅಪ್ಪನಲ್ಲ," ಎಂದಳು ಸಾತ್ವಿಕಾ. ತನ್ನ ಧ್ವನಿ ಅಷ್ಟು ಗಟ್ಟಿಯಾಗಿ ಹೊರಟದ್ದು ಅವಳಿಗೇ ಆಶ್ಚರ್ಯ. "ದಯವಿಟ್ಟು ತಂಡಗಳನ್ನು ಕದಲಿಸಬೇಡಿ."

"ಕದಲಿಸುವುದಿಲ್ಲ," ಎಂದಳು ಹೆಲೆನ್. "ಅಲ್ಲಿಗೆ ಹೋದವರು ನಾನು ಕರೆದರೂ ಬರುವ ಹಾಗೆ ಕಾಣುತ್ತಿಲ್ಲ. ಬೆಳಗಾಗುತ್ತಿದೆ."

ಫರಂಗಿಪೇಟೆಯಲ್ಲಿ ಸೂರ್ಯ ನಡುನೆತ್ತಿ ದಾಟಿ ಕಡಲಿನತ್ತ ವಾಲಿದ್ದ. ಬಿಸಿಲು ಹಿಂಬಾಗಿಲಿನಿಂದ, ನದಿಯ ಕಡೆಯಿಂದ, ಒಳಗೆ ಬರತೊಡಗಿತ್ತು. ಕಾಂತಿ ಅದನ್ನೇ ನೋಡುತ್ತ ಕೂತಿದ್ದಳು. ಮುಂದಿನ ಕರೆ ಬಂದಾಗ ಫೋನು ಅವಳ ಮಡಿಲಿನಲ್ಲೇ ಇತ್ತು. ಅವಳೇ ಹಸಿರು ಗುಂಡಿ ಒತ್ತಿದಳು.

ಮೊದಲು ಕೇಳಿಸಿದ್ದು ಅನೇಕರ ಉಸಿರು. ಒಣ ಎಲೆಗಳ ಸದ್ದು. ಯಾರೋ ಜೋರಾಗಿ ನಗುತ್ತಿದ್ದರು. ಆಮೇಲೆ:

"ಕಾಂತೀ? ಈ ಜನ ನನಗೆ ಚಹಾಕ್ಕೆ ಸಕ್ಕರೆ ಹಾಕಿ ಕೊಡ್ತಾ ಇದ್ದಾರೆ. ಬೇಡ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಅಂತ ಮಗಳ ಹತ್ರ ಕೇಳು."

ಜುಲೈಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಸಿರ್ ಎದ್ದು ಹೊರಗೆ ಹೋಗಿ, ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನ ಜನಕ್ಕೆಲ್ಲ ಕೇಳುವಂತೆ, "ಸಿಕ್ಕಿದ್ರು!" ಎಂದು ಕೂಗಿದ.

ಕಾಂತಿಯ ಬಾಯಿಂದ ಮೊದಲು ಹೊರಟದ್ದು ಬೈಗುಳ. "ಈ ವಯಸ್ಸಿನಲ್ಲಿ ನಿಮಗೆ ಮೂಡು ಯಾವುದು, ಪಡು ಯಾವುದು ಗೊತ್ತಿಲ್ವಾ?"

"ಗೊತ್ತಿದ್ದದ್ದರಿಂದಲೇ ತಪ್ಪಿದ್ದು ಮಾರಾಯ್ತಿ."

ಅವನು ಮೆಲ್ಲಗೆ, ನಡುನಡುವೆ ಚಳಿಗೆ ಹಲ್ಲು ಕಟಕಟಿಸುತ್ತ ಹೇಳಿದ. ತೊರೆಯ ಜೊತೆಗೆ ನಡೆದದ್ದು. ಸಂಜೆಯವರೆಗೂ ಇನ್ನೇನು ಊರು ಬಂತು ಎಂದುಕೊಂಡದ್ದು. ಕಾಡಿನ ನಡುವೆ ಎಷ್ಟೋ ಕಾಲದ ಹಿಂದೆ ಯಾರೋ ಕಟ್ಟಿ ಬಿಟ್ಟುಹೋದ ಕಲ್ಲಿನ ಗೋಡೆ, ಅದರ ಪಕ್ಕದಲ್ಲಿ ಕಾಡು ಪಾಲಾದ ಒಂದು ಸೇಬಿನ ಮರ ಕಂಡದ್ದು. ಗೋಡೆ ಕಂಡಾಗ ಮನೆಯೂ ಇದ್ದೀತು ಎಂದು ಕೂಗಿದ್ದನಂತೆ. ಯಾರೂ ಓಗೊಡಲಿಲ್ಲ. ಅಂಗಿಯ ಒಳಗೆಲ್ಲ ಒಣ ಎಲೆ ತುರುಕಿಕೊಂಡು, ಗೋಡೆಗೆ ಒರಗಿ, ಕೊಡೆ ಅಡ್ಡ ಹಿಡಿದು ಕೂತ. ತಲೆ ತಿರುಗಿದಾಗ ಸೇಬು ಕಚ್ಚಿದ. ನಿದ್ದೆ ಬಂದರೆ ಮತ್ತೆ ಏಳುವುದಿಲ್ಲವೆಂದು, ಹೋಟೆಲಿಗೆ ಬರುವ ಗಿರಾಕಿಗಳ ಹೆಸರುಗಳನ್ನೆಲ್ಲ ಜೋರಾಗಿ ಹೇಳುತ್ತ ಬೆಳಗು ಮಾಡಿದ.

"ಮತ್ತೆ ಹೊತ್ತು ಮೂಡಿತು," ಎಂದ ಚಿನ್ನಯ್ಯ. "ನನಗೆ ಜೀವ ಬಂತು. ಎದ್ದು ನಿಂತು, ಹೊತ್ತಿಗೆ ಬೆನ್ನು ಹಾಕಿ ಪುನಃ ಹೊರಟೆ."

ನಾಸಿರ್ ಒಳಗೆ ಬಂದು ಫೋನಿನತ್ತ ಬಗ್ಗಿದ.

"ಹಿಂದಿನಿಂದ ಸೀಟಿ ಕೇಳಿತು. ನಂಬಲಿಲ್ಲ ನಾನು. ಊರು ಎದುರಿಗಿರುವಾಗ ಹಿಂದಿನಿಂದ ಯಾರು ಬರ್ತಾರೆ ಅಂತ. ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದೆ. ಆಗ ನನ್ನ ಹೆಸರು ಕೂಗಿದ್ರು. ಚಿನ್ನಯ್ಯ ಅಂತ ಹೇಳ್ಲಿಕ್ಕೆ ಬರುವುದಿಲ್ಲ ಅವರಿಗೆ. ಚಿನ್ನಾ, ಚಿನ್ನಾ ಅಂತ ಕಾಡಿಡೀ ಕೂಗ್ತಾ ಇದ್ರು ಮಾರಾಯ್ತಿ. ಸೇಬಿನ ತೋಟದವರು, ಗಡ್ಡದ ಹುಡುಗರು, ಎಲ್ಲ."

ಹೆಲೆನ್ ಅವನ ಕೈಯಿಂದ ಫೋನು ತೆಗೆದುಕೊಂಡು, ಸಕ್ಕರೆ ಪರೀಕ್ಷಿಸಿದ್ದಾರೆ, ಕಾಲಿನ ಬೆರಳುಗಳಿಗೆ ಚಳಿ ಹೊಡೆದಿದೆ, ಆಸ್ಪತ್ರೆಗೆ ಒಯ್ಯುತ್ತೇವೆ, ಹೆದರಬೇಕಾದದ್ದಿಲ್ಲ ಎಂದಳು. ಆಮೇಲೆ, ತಾನು ಹುಟ್ಟಿ ಬೆಳೆದ ಕಣಿವೆಯನ್ನು ಯಾರೋ ಬೇರೆಡೆಯಿಂದ ಬಂದು ತಿರುಗಿಸಿ ತೋರಿಸಿದಂತೆ, "ಈ ಬೆಟ್ಟದಲ್ಲಿ ಇಷ್ಟು ಕಾಲ ಹುಡುಕಿದ್ದೇನೆ, ಸಾತ್ವಿಕಾ," ಎಂದಳು. "ದಾರಿ ತಪ್ಪಿದವರ ಮನೆಯವರನ್ನು ಅವರ ಊರಿನ ನದಿ ಯಾವ ಕಡೆ ಹರಿಯುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ."

ಆಸ್ಪತ್ರೆಗೆ ಹೋಗುವ ರಸ್ತೆ ಬೆಟ್ಟದ ತಲೆಯನ್ನು ಬಳಸಿ ಹೋಗುತ್ತದೆ. ಅಲ್ಲಿ ಚಿನ್ನಯ್ಯ ಹಟ ಹಿಡಿದು ಗಾಡಿ ನಿಲ್ಲಿಸಿದ. ಹೇಳಿದ ಚಿತ್ರ ಕಳಿಸದೆ ಮುಂದೆ ಹೋಗುವುದಿಲ್ಲ ಎಂದನಂತೆ. ಮತ್ತೊಮ್ಮೆ ಕರೆ ಬಂತು, ವಿಡಿಯೋದಲ್ಲಿ. ಕಂಬಳಿ ಹೊದ್ದ ಅವನ ಮುಖ ಒಂದು ಕ್ಷಣ ಕಂಡು, ಪರದೆ ಕಣಿವೆಯತ್ತ ತಿರುಗಿತು.

ಮಂಜು ಇರಲಿಲ್ಲ.

ಕಾಂತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕು ಹೆಚ್ಚಿರುವಲ್ಲಿ ನೋಡಬೇಕೆಂದು ಹಿಂಬಾಗಿಲಿನಿಂದ ಹೊರಗೆ, ನೇತ್ರಾವತಿಯ ದಂಡೆಗೆ ನಡೆದಳು. ಉಳಿದವರು ಅವಳನ್ನು ಹಿಂಬಾಲಿಸಿದರು. ಅಂಗೈಯಗಲದ ಗಾಜಿನಲ್ಲಿ ಒಂದು ದೇಶವೇ ಹಾಸಿಕೊಂಡಿತ್ತು. ಕೆಂಪು ಕಾಡು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದು ತೋಟಗಳಾಗಿತ್ತು; ತೋಟಗಳ ನಡುವೆ ಚರ್ಚಿನ ಮೊನೆಗಳು, ಕಲ್ಲಿನ ಮನೆಗಳ ಹೊಗೆ; ಅದರಾಚೆಗೆ, ಕಣ್ಣು ಹರಿಯುವ ತುದಿಯಿಂದ ತುದಿಗೆ, ಕಾಯಿಸಿ ಎಳೆದ ಲೋಹದಂಥ ನದಿ. ಅದು ಯಾವ ಕಡೆಗೆ ಹರಿಯುತ್ತಿದೆ ಎಂದು ಅಲ್ಲಿಂದ ಹೇಳುವಂತಿರಲಿಲ್ಲ. ಅದರ ಮೇಲೆ ಆಗಷ್ಟೇ ಏರಿದ ಸೂರ್ಯ.

"ಸಮುದ್ರ ಯಾವ ಕಡೆ?" ಎಂದು ಕಾಂತಿ ಕೇಳಿದಳು.

ಪರದೆಯಲ್ಲಿ ಚಿನ್ನಯ್ಯನ ಬೆರಳು ಕಾಣಿಸಿಕೊಂಡು, ಸೂರ್ಯನತ್ತ ಚಾಚಿತು. "ಅಲ್ಲಿ. ಅದರ ಅಡಿಯಲ್ಲಿ."

ಕಾಂತಿ ತಲೆಯೆತ್ತಿದಳು. ಅವಳ ಎದುರಿಗೂ ನದಿಯಿತ್ತು. ನದಿಯ ತುದಿಯಲ್ಲಿ, ಉಳ್ಳಾಲದ ಕಡೆಗೆ, ಕಡಲಿನ ಮೇಲೆ ಅದೇ ಸೂರ್ಯ ಇಳಿಯುತ್ತಿದ್ದ. ಅವಳು ಫೋನನ್ನು ತಿರುಗಿಸಿ, ಅವನಿಗೆ ಕಾಣುವ ಹಾಗೆ, ಬಹಳ ಹೊತ್ತು ಹಾಗೆಯೇ ಹಿಡಿದು ನಿಂತಳು.